ಪತ್ರದ ಅಂಚಿನಲ್ಲಿ ಬರೆದ ಎರಡು ಸಾಲು

ಅರಸೀಕೆರೆಯ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಜೊತೆಗೊಂದು ಫೋಟೊ. ಅವರ ಮೊಮ್ಮಗ ಅಮೆರಿಕದ ಒಹಾಯೊದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅಲ್ಲಿ ಒಂದು ಫ್ರಟರ್ನಿಟಿಗೆ, ಅಂದರೆ ಕಾಲೇಜು ಹುಡುಗರ ಸೋದರ ಸಂಘಕ್ಕೆ, ಸೇರಿದ್ದಾನೆ. ಅವರ ಚಾಪ್ಟರ್‌ಗೆ, ಅಂದರೆ ಆ ಕಾಲೇಜಿನ ಶಾಖೆಗೆ, ಈ ವರ್ಷ ಯೂನಿವರ್ಸಿಟಿಯ ಕಪ್ ಬಂದಿದೆ. ಹುಡುಗರು ಮಕ್ಕಳ ಆಸ್ಪತ್ರೆಗೆ ಹಣ ಕೂಡಿಸಿಕೊಟ್ಟಿದ್ದಾರೆ, ರಕ್ತದಾನ ಶಿಬಿರ ಮಾಡಿದ್ದಾರೆ, ಓದಿನಲ್ಲೂ ಮುಂದಿದ್ದಾರೆ. ‘ಇದನ್ನು ಪತ್ರಿಕೆಯಲ್ಲಿ ಹಾಕುತ್ತೀರಾ? ಆದರೆ ನೆಂಟರೊಬ್ಬರು ಅದೆಲ್ಲ ಕುಡಿತ, ರ‍್ಯಾಗಿಂಗಿನ ಗುಂಪು ಅಂತ ಹೆದರಿಸಿದ್ದಾರೆ. ಇನ್ನೊಬ್ಬರು ನಮ್ಮ ಜಾತಿ ಸಂಘದ ಥರ ಅಂದರು. ನಾನು ಖುಷಿಪಡಲೋ, ಭಯಪಡಲೋ?’ ಎಂದು ಕೇಳಿದ್ದಾರೆ.

ಮೇಡಂ, ನಮಸ್ಕಾರ. ಮೊದಲು ಖುಷಿಪಡಿ. ಒಬ್ಬನೇ ಮಗನಾಗಿ ಬೆಳೆದ ಹುಡುಗ ‘ಅಜ್ಜಿ, ನಂಗೀಗ ನಲವತ್ತು ಜನ ಅಣ್ಣತಮ್ಮಂದಿರು’ ಅಂದನಲ್ಲ, ಅದು ಸಣ್ಣ ಮಾತಲ್ಲ.

ಫ್ರಟರ್ನಿಟಿ ಅನ್ನುವ ಮಾತು ಹುಟ್ಟಿದ್ದೇ ಲ್ಯಾಟಿನ್ನಿನ ‘ಫ್ರಾಟರ್’ನಿಂದ. ಹಾಗಂದರೆ ಸಹೋದರ. ಇವರ ಹೆಸರುಗಳು ಬಹುಮಟ್ಟಿಗೆ ಗ್ರೀಕ್ ಅಕ್ಷರ. 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಹುಡುಗರು ಫೈ ಬೀಟಾ ಕಪ್ಪಾ ಅಂತ ಒಂದು ಗುಂಪು ಕಟ್ಟಿಕೊಂಡರು. ಅಲ್ಲಿಂದ ಈ ಪದ್ಧತಿ ಶುರು. ಇವತ್ತು ಆ ಸಂಸ್ಥೆ ಚೆನ್ನಾಗಿ ಓದುವವರನ್ನು ಗೌರವಿಸುವ ಕೂಟವಾಗಿದೆ. ಈಗಿನ ಥರದ ಫ್ರಟರ್ನಿಟಿಗಳ ಬೇರು ಇರುವುದು ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ, 1825ರಿಂದೀಚೆಗೆ.

ಜಾತಿ ಸಂಘದ ಥರವಾ ಅಂದಿರಿ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬಹಳ ಕಾಲ ಈ ಗುಂಪುಗಳಿಗೆ ಬಿಳಿಯರಿಗೆ ಮಾತ್ರ ಪ್ರವೇಶವಿತ್ತು. ಹೊರಗೆ ಉಳಿದವರು ತಮ್ಮದೇ ಮನೆ ಕಟ್ಟಿಕೊಂಡರು. ಅದರಲ್ಲಿ ಒಂದು ಕತೆಯನ್ನು ನಿಮಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಇಥಾಕಾ ಅನ್ನುವುದು ನ್ಯೂಯಾರ್ಕ್ ರಾಜ್ಯದ ಚಳಿಯ ಊರು. ಅಲ್ಲಿ ಕಾರ್ನೆಲ್ ಯೂನಿವರ್ಸಿಟಿ ಇದೆ. 1904–05ರಲ್ಲಿ ಅಲ್ಲಿ ಓದುತ್ತಿದ್ದ ಆರು ಜನ ಕಪ್ಪು ವಿದ್ಯಾರ್ಥಿಗಳು ಮರುವರ್ಷ ಕಾಲೇಜಿಗೆ ವಾಪಸ್ ಬರಲೇ ಇಲ್ಲ. ಉಳಿದ ಕೆಲವರು ಇದನ್ನು ನೋಡಿದರು. ಇನ್ನೊಬ್ಬ ಹೀಗೆ ಬಿಟ್ಟುಹೋಗಬಾರದು ಅಂದುಕೊಂಡರು. ಒಟ್ಟಿಗೆ ಕೂತು ಓದಲು ಶುರು ಮಾಡಿದರು. ಊರಿನ ಕಪ್ಪು ಕುಟುಂಬಗಳು ಅವರಿಗೆ ಮನೆಯ ಬಾಗಿಲು ತೆರೆದವು. ಆ ಓದಿನ ಗುಂಪೇ 1906ರ ಡಿಸೆಂಬರ್ 4ರಂದು ಆಲ್ಫಾ ಫೈ ಆಲ್ಫಾ ಆಯಿತು. ಕಟ್ಟಿದವರು ಏಳು ಜನ. ಅವರನ್ನು ಇಂದಿಗೂ ‘ಏಳು ರತ್ನಗಳು’ ಅಂತಲೇ ಕರೆಯುತ್ತಾರೆ. ಅವರಲ್ಲೊಬ್ಬ ವರ್ಟ್ನರ್ ಟ್ಯಾಂಡಿ. ಮುಂದೆ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿಯಾದ ಮೊದಲ ಕಪ್ಪು ಆರ್ಕಿಟೆಕ್ಟ್ ಆದವನು ಅವನೇ.

ನೋಡಿ, ಅದೇ 1906ರಲ್ಲಿ ನಮ್ಮ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಹಳ್ಳಿಯಿಂದ ಓದಲು ಬಂದ ಹುಡುಗನಿಗೆ ಪಟ್ಟಣದಲ್ಲಿ ಮಲಗುವುದಕ್ಕೆ ಜಾಗ ಬೇಕು, ಎರಡು ಹೊತ್ತು ಊಟ ಬೇಕು. ಆಗ ಎಷ್ಟೋ ಸಮುದಾಯಗಳು ಹಾಸ್ಟೆಲ್ ಕಟ್ಟಿದ್ದು ಇದಕ್ಕೇ. ನಿಮ್ಮ ಶಿಷ್ಯರಲ್ಲೂ ಅಂಥ ಹಾಸ್ಟೆಲ್ ಊಟ ಉಂಡು ಓದಿದವರು ಇರಲೇಬೇಕು, ಅಲ್ವಾ? ನಾನೂ ಅಂಥ ಕಡೆ ಉಂಡವನೇ. ಹೊರಗೆ ಜಾಗ ಸಿಗದವನು ಒಳಗೊಂದು ಮನೆ ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಒಳಗೆ ಬಂದಮೇಲೆ ಬಾಗಿಲು ಹಾಕಿಕೊಂಡರೆ ಮಾತ್ರ ತಪ್ಪು.

ಭಾರತ ಮೂಲದ ಹುಡುಗರೂ ಇದೇ ದಾರಿ ಹಿಡಿದರು. 1996ರಲ್ಲಿ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಲ್ಲಿ ಸಿಗ್ಮಾ ಬೀಟಾ ರೋ, 1998ರಲ್ಲಿ ಟೆಕ್ಸಾಸಿನ ಆಸ್ಟಿನ್ನಿನಲ್ಲಿ ಡೆಲ್ಟಾ ಎಪ್ಸಿಲಾನ್ ಸೈ ಹುಟ್ಟಿದವು.

ಇನ್ನು ಸಾಧನೆಯ ಮಾತು. ಕಪ್ ಒಳ್ಳೆಯದೇ. ಹಣ ಕೂಡಿಸಿದ್ದು ಅದಕ್ಕಿಂತ ಒಳ್ಳೆಯದು. ಆದರೆ ಆಲ್ಫಾ ಹುಡುಗರ ಒಂದು ಕೆಲಸ ನೋಡಿ. ಮಾರ್ಟಿನ್ ಲೂಥರ್ ಕಿಂಗ್ ಅವರೂ ಆಲ್ಫಾ ಬಳಗದವರು. ಬಾಸ್ಟನ್ನಿನಲ್ಲಿ ಓದುವಾಗ ಸೇರಿದವರು. ಅವರಿಗೆ ವಾಷಿಂಗ್ಟನ್ನಿನಲ್ಲಿ ಸ್ಮಾರಕ ಆಗಬೇಕು ಅಂತ ಈ ಸೋದರರು 1984ರಲ್ಲಿ ಮಾತು ತೆಗೆದರು. ಅಮೆರಿಕದ ಸಂಸತ್ತು ಒಪ್ಪಿದ್ದು 1996ರಲ್ಲಿ. ಕೋಟಿಗಟ್ಟಲೆ ಡಾಲರ್ ಕೂಡಿಸಬೇಕಿತ್ತು. 30 ಅಡಿ ಎತ್ತರದ ಆ ಕಲ್ಲಿನ ಮೂರ್ತಿ ಜನರ ಮುಂದೆ ನಿಂತದ್ದು 2011ರಲ್ಲಿ. ಇಪ್ಪತ್ತೇಳು ವರ್ಷ! ಕಾಲೇಜು ಮುಗಿದು, ಮದುವೆ, ಮಕ್ಕಳು ಎಲ್ಲ ಆದಮೇಲೂ ಹಿಡಿದ ಕೆಲಸ ಬಿಡಲಿಲ್ಲ. ಇದನ್ನು ಓದಿದಾಗೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ನಿಮ್ಮ ನೆಂಟರು ಹೆದರಿಸಿದ್ದು ಸುಮ್ನೆ ಅಲ್ಲ. ಅದನ್ನೂ ಹೇಳಿಬಿಡುತ್ತೇನೆ. ನಮ್ಮ ರ‍್ಯಾಗಿಂಗಿಗೆ ಅಲ್ಲಿ ಹೇಜಿಂಗ್ ಅನ್ನುತ್ತಾರೆ. 2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಫ್ರಟರ್ನಿಟಿ ಮನೆಯಲ್ಲಿ ಹೊಸದಾಗಿ ಸೇರಿದ 19 ವರ್ಷದ ಹುಡುಗನಿಗೆ ಒಂದೇ ಸಮನೆ ಕುಡಿಸಿದರು. ಅವನು ಮೆಟ್ಟಿಲಿಂದ ಬಿದ್ದ. ಸೋಫಾದ ಮೇಲೆ ಮಲಗಿಸಿದರು. ಆ್ಯಂಬುಲೆನ್ಸಿಗೆ ಫೋನ್ ಮಾಡಿದ್ದು ಸುಮಾರು ಹನ್ನೆರಡು ಗಂಟೆ ಆದಮೇಲೆ. ಹುಡುಗ ಉಳಿಯಲಿಲ್ಲ. ಆ ಮನೆ ತುಂಬ ‘ಬ್ರದರ್ಸ್’ ಇದ್ದರು, ಮೇಡಂ. ಆಮೇಲೆ ಆ ರಾಜ್ಯದಲ್ಲಿ ಗಟ್ಟಿ ಕಾನೂನು ಬಂತು. 2024ರ ಡಿಸೆಂಬರಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನೇ ಆಯಿತು. ಯಾವ ಸಂಘ ಹೇಜಿಂಗ್ ಮಾಡಿ ಸಿಕ್ಕಿಬಿದ್ದಿದೆ ಅಂತ ಕಾಲೇಜುಗಳು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಮೊಮ್ಮಗನ ಕಾಲೇಜಿನ ಆ ವರದಿಯನ್ನು ಅವನ ಅಪ್ಪ ಅಮ್ಮ ಒಂದು ಸಲ ತೆರೆದು ನೋಡಲಿ. ನಮ್ಮಲ್ಲೂ 2009ರ ಯುಜಿಸಿ ನಿಯಮ ಬಂದಮೇಲೆ ರ‍್ಯಾಗಿಂಗಿಗೆ ಇಳಿಯುವುದಿಲ್ಲ ಅಂತ ಮಕ್ಕಳೂ ಪೋಷಕರೂ ಬರೆದುಕೊಡಬೇಕಲ್ಲ, ಹಾಗೆ ಇದು ಕೂಡ ಕೇಳಲು ಸಂಕೋಚಪಡುವ ವಿಷಯ ಅಲ್ಲ.

ಈಗ ನಿಮ್ಮ ಪತ್ರದ ಕೊನೆಯ ಪುಟಕ್ಕೆ ಬರುತ್ತೇನೆ. ಕಪ್, ಮಾರ್ಕ್ಸು, ಹಣ, ಎಲ್ಲವನ್ನೂ ನೀವು ದುಂಡಗಿನ ಅಕ್ಷರದಲ್ಲಿ ಬರೆದಿದ್ದೀರಿ. ಆಮೇಲೆ ಜಾಗ ಸಾಲದೆ, ಕಾಗದ ಅಡ್ಡ ತಿರುಗಿಸಿ, ಅಂಚಿನಲ್ಲಿ ಸಣ್ಣಗೆ ಎರಡು ಸಾಲು ಸೇರಿಸಿದ್ದೀರಿ. ‘ನವೆಂಬರಿನಲ್ಲಿ ಅವನಿಗೆ ಅಪೆಂಡಿಕ್ಸ್ ಆಗಿ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಸೇರಿಸಿದ್ದು ಈ ಹುಡುಗರೇ. ಇಬ್ಬರು ಮೂರು ರಾತ್ರಿ ಕುರ್ಚಿಯಲ್ಲೇ ಮಲಗಿದ್ದರಂತೆ, ಒಬ್ಬ ನನ್ನ ಮಗಳ ಹತ್ತಿರ ಫೋನಿನಲ್ಲಿ ಕೇಳಿಕೊಂಡು ಗಂಜಿ ಮಾಡಿಕೊಟ್ಟನಂತೆ.’

ನೀವು ಇದನ್ನು ಅಂಚಿಗೆ ತಳ್ಳಿದ್ದೀರಿ. ನಾನು ಇದನ್ನೇ ಮೊದಲು ಓದಬೇಕಿತ್ತು ಅನ್ನಿಸಿತು. ಭಯಪಡಲೋ ಅಂತ ಕೇಳಿದಿರಲ್ಲ, ಉತ್ತರ ನಿಮ್ಮ ಕೈಯಲ್ಲೇ ಬರೆದಿದೆ. ಆ ಮನೆಯಲ್ಲಿ ಹುಡುಗರು ಬೆಳಗಾಗುವ ತನಕ ಕಾಯಲಿಲ್ಲ. ಈ ವರ್ಷ ಹೊಸದಾಗಿ ಸೇರುವ ಹುಡುಗರನ್ನು ನಿಮ್ಮ ಮೊಮ್ಮಗನೂ ಹಾಗೇ ನೋಡಿಕೊಳ್ಳುತ್ತಿದ್ದಾನಾ ಅಂತ ಮುಂದಿನ ಸಲ ಫೋನಿನಲ್ಲಿ ಕೇಳಿ. ಅಜ್ಜಿ ಕೇಳಿದರೆ ಅವನು ಮುಚ್ಚಿಡುವುದಿಲ್ಲ.

ಫೋಟೊ ಖಂಡಿತ ಹಾಕುತ್ತೇವೆ. ಕಪ್ ಹಿಡಿದವನು ನಿಮ್ಮ ಮೊಮ್ಮಗ ಅಂತ ಗೊತ್ತಾಯಿತು. ಕುರ್ಚಿಯಲ್ಲಿ ಮಲಗಿದ ಆ ಇಬ್ಬರು ಯಾರು, ಗಂಜಿ ಮಾಡಿದವನು ಯಾರು, ಪೆನ್ಸಿಲಿನಲ್ಲಿ ಗುರುತು ಹಾಕಿ ಇನ್ನೊಂದು ಪ್ರತಿ ಕಳಿಸಿ. ಚಿತ್ರದ ಕೆಳಗೆ ಅವರ ವಿಷಯವನ್ನೂ ಬರೆಯಬೇಕು.

— ಸಂಪಾದಕ