ಬಿಸಿನೀರಿನ ಚೀಲಕ್ಕೆ ಉಣ್ಣೆಯ ಗವಸು: ಓದುಗರ ಪ್ರಶ್ನೆಗಳು, ಉತ್ತರಗಳು

ಮಾಗಿಯ ಚಳಿ ಶುರುವಾದೊಡನೆ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಸೀಮೆಯಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಸ್ವೆಟರ್, ಮಫ್ಲರ್‌ಗಳ ವಿಚಾರವೇ ಹೆಚ್ಚಾಗಿರುತ್ತದೆ. ಈ ಬಾರಿ ರಬ್ಬರಿನ ಬಿಸಿನೀರಿನ ಚೀಲಕ್ಕೆ ಗವಸು ಹೆಣೆಯುವ ಬಗ್ಗೆ ಹಲವರು ಬರೆದಿರುವುದರಿಂದ ಇಡೀ ಸಂಚಿಕೆಯನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಮೊಣಕಾಲು ನೋವು. ರಾತ್ರಿ ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ ಕೊಡುತ್ತೇವೆ. ಸ್ವಲ್ಪ ಹೊತ್ತಿಗೆಲ್ಲ ಟವೆಲು ಒಂದು ಕಡೆ, ಚೀಲ ಒಂದು ಕಡೆ ಆಗಿರುತ್ತದೆ. ನನಗೆ ಸ್ವೆಟರ್ ಹೆಣೆಯಲು ಬರುತ್ತದೆ. ಎಷ್ಟು ಕುಣಿಕೆ ಹಾಕಬೇಕು, ಯಾವ ಉಣ್ಣೆ ತರಬೇಕು, ಗುಂಡಿ ಇಡಬೇಕೋ ಜಿಪ್ ಇಡಬೇಕೋ ತಿಳಿಸಿ. (ಗೃಹಿಣಿ, ಚಿಂತಾಮಣಿ)

ಉತ್ತರ: ಗುಂಡಿಯೂ ಬೇಡ, ಜಿಪ್ಪೂ ಬೇಡ. ಗುಂಡಿ ಮಲಗಿದವರ ಮೈಗೆ ಒತ್ತುತ್ತದೆ. ಲೋಹದ ಜಿಪ್ ಬಿಸಿಯೇರಿ ಚರ್ಮಕ್ಕೆ ಚುರುಕು ಮುಟ್ಟಿಸುತ್ತದೆ. ಕತ್ತಿನ ಭಾಗವನ್ನು ಚೆನ್ನಾಗಿ ಹಿಗ್ಗುವ ರಿಬ್‌ನಲ್ಲಿ (ಸೀದಾ, ಉಲ್ಟಾ ಕುಣಿಕೆಗಳು ಅಕ್ಕಪಕ್ಕ ಬರುವ ಪಟ್ಟಿ ಹೆಣಿಗೆ) ಹೆಣೆದರೆ ಖಾಲಿ ಚೀಲವನ್ನು ಉದ್ದುದ್ದಕ್ಕೆ ಮಡಚಿ ಅದೇ ಕತ್ತಿನ ಮೂಲಕ ಒಳಗೆ ತೂರಿಸಬಹುದು, ಬೇಕಾದಾಗ ಹಾಗೆಯೇ ಹೊರಗೆ ಎಳೆಯಲೂಬಹುದು. ಗವಸಿನಲ್ಲಿ ಬೇರೆ ಯಾವ ಬಾಯಿಯೂ ಇಲ್ಲದಿರುವುದರಿಂದ ಬರಿಯ ರಬ್ಬರು ಎಲ್ಲಿಯೂ ಮೈಗೆ ತಾಕುವುದಿಲ್ಲ.

ಮೊದಲು ಉಣ್ಣೆಯ ಮಾತು. ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವ ಎಷ್ಟೋ ದಾರ ಅಕ್ರಿಲಿಕ್ ಆಗಿರುತ್ತದೆ. ಒಂದು ಸಣ್ಣ ಎಳೆಯನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿ ನೋಡಿ: ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೆರಳಲ್ಲಿ ಹಿಸುಕಿದರೆ ಪುಡಿಯಾದರೆ ಅದು ಉಣ್ಣೆ, ಕರಗಿ, ತಣಿದ ಮೇಲೆ ಗಟ್ಟಿ ಕಪ್ಪು ಮಣಿಯಾಗಿ ಉಳಿದರೆ ಅಕ್ರಿಲಿಕ್. ಅಕ್ರಿಲಿಕ್ ಗವಸು ಮಾಡಲೇಬಾರದೆಂದು ನಾನು ಹೇಳುವುದಿಲ್ಲ, ಆದರೆ ಬಿಸಿಯಲ್ಲಿ ಅದು ಮೆತ್ತಗಾಗಿ ತನ್ನ ಪುಟಿತವನ್ನು, ಅಂದರೆ ಹಿಗ್ಗಿದ ಮೇಲೆ ಮತ್ತೆ ಕೂಡಿಕೊಳ್ಳುವ ಗುಣವನ್ನು, ಕಳೆದುಕೊಳ್ಳುವ ನೂಲು. ಈ ಗವಸಿಗೆ ಮುಖ್ಯವಾಗಿ ಬೇಕಾದ ಗುಣವೇ ಆ ಪುಟಿತ. ಉಣ್ಣೆಯ ಎಳೆಗಳು ಸ್ವಭಾವತಃ ಸುರುಳಿಸುರುಳಿಯಾಗಿದ್ದು ನಡುವೆ ಗಾಳಿಯನ್ನು ಹಿಡಿದಿಡುತ್ತವೆ. ಅಲುಗಾಡದ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುವುದರಿಂದ ಚೀಲ ಬೇಗ ಆರುವುದಿಲ್ಲ, ಮೈಗೂ ಹದವಾಗಿ ಕಾವು ತಾಕುತ್ತದೆ. ಡಿಕೆ ಎಂದು ಕರೆಯುವ ಮಧ್ಯಮ ದಪ್ಪದ ಉಣ್ಣೆ 100ರಿಂದ 125 ಗ್ರಾಂ ತಂದರೆ ಸಾಕು.

ಕಡ್ಡಿ 4 ಮಿಲಿಮೀಟರಿನದಿರಲಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಅಂಗಡಿಗಳಲ್ಲಿ ಇಂದಿಗೂ ನಡೆಯುವ ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ಇದು 8ನೇ ನಂಬರು. ಆ ಲೆಕ್ಕದಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣದಾಗುತ್ತದೆ. ಅಮೆರಿಕದ ಲೆಕ್ಕ ಇದಕ್ಕೆ ತಿರುಗು ಮುರುಗು. ಅಲ್ಲಿ 8 ಎಂದರೆ 5 ಮಿಲಿಮೀಟರು. ಮೊಬೈಲಿನಲ್ಲಿ ವಿನ್ಯಾಸ ನೋಡಿ ಹೆಣೆಯುವವರು ನಂಬರನ್ನು ನಂಬದೆ ಮಿಲಿಮೀಟರನ್ನೇ ನೋಡಬೇಕು.

ಇನ್ನು ಅಳತೆ. 2 ಲೀಟರಿನ ಸಾಮಾನ್ಯ ಚೀಲ ಖಾಲಿಯಾಗಿ ಚಪ್ಪಟೆ ಇರುವಾಗ ಸುಮಾರು 20 ಸೆಂಟಿಮೀಟರು ಅಗಲವಿರುತ್ತದೆ, ಅಂದರೆ ಸುತ್ತಳತೆ 40. ನೀರು ತುಂಬಿದಾಗ ಚೀಲ ಉಬ್ಬಿದರೂ ಅಗಲ ಅಷ್ಟೇ ಕುಗ್ಗುವುದರಿಂದ ಸುತ್ತಳತೆ ಹೆಚ್ಚು ಬದಲಾಗುವುದಿಲ್ಲ. ಗವಸನ್ನು ಇದಕ್ಕಿಂತ ಹತ್ತನೇ ಒಂದು ಭಾಗ ಕಿರಿದಾಗಿ, ಅಂದರೆ 36 ಸೆಂಟಿಮೀಟರಿಗೆ ಹೆಣೆಯಬೇಕು. ಸಡಿಲವಾದ ಗವಸಿನೊಳಗೆ ಚೀಲ ಹೊರಳಾಡುತ್ತದೆ. ನಿಮ್ಮ ಟವೆಲಿನ ಕಷ್ಟವೇ ಮತ್ತೆ ಬರುತ್ತದೆ. ಹಾಗೆಂದು ತೀರ ಬಿಗಿ ಮಾಡಿದರೆ ಹೆಣಿಗೆ ಹಿಗ್ಗಿ ಕುಣಿಕೆಗಳ ನಡುವೆ ಕಿಂಡಿ ಬಿಡುತ್ತದೆ, ಆ ಕಿಂಡಿಯಲ್ಲಿ ರಬ್ಬರು ನೇರವಾಗಿ ಚರ್ಮಕ್ಕೆ ತಾಗುತ್ತದೆ.

ಡಿಕೆ ಉಣ್ಣೆಗೆ 4 ಮಿಲಿಮೀಟರಿನ ಕಡ್ಡಿಯಲ್ಲಿ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ 10 ಸೆಂಟಿಮೀಟರಿಗೆ 22 ಕುಣಿಕೆ, 28 ಸಾಲು ಬರುವುದು ವಾಡಿಕೆ. ನಿಮ್ಮ ಕೈ ಬಿಗಿಯೋ ಸಡಿಲವೋ ತಿಳಿಯಲು ಅಂಗೈಯಗಲದ ಒಂದು ತುಂಡನ್ನು ಮೊದಲು ಹೆಣೆದು ಅಳೆಯಿರಿ. ಈ ಕೆಲಸವನ್ನು ದಯವಿಟ್ಟು ಬಿಡಬೇಡಿ. ಗವಸನ್ನು ಎರಡು ಭಾಗವಾಗಿ ಹೆಣೆದು ಸೇರಿಸುವುದರಿಂದ ಒಂದೊಂದು ಭಾಗದ ಅಗಲ 18 ಸೆಂಟಿಮೀಟರು. ಲೆಕ್ಕ ಸರಿಹೊಂದಿದರೆ ಒಂದು ಭಾಗಕ್ಕೆ 42 ಕುಣಿಕೆ ಏರಿಸಿ. ಇದರಲ್ಲಿ ಎರಡೂ ಅಂಚಿನ ಒಂದೊಂದು ಕುಣಿಕೆ ಹೊಲಿಗೆಗೆ ಹೋಗುತ್ತದೆ. 70 ಸಾಲು ನೇರವಾಗಿ ಹೆಣೆದರೆ 25 ಸೆಂಟಿಮೀಟರಾಗಿ ಚೀಲದ ಹೆಗಲ ಹತ್ತಿರ ಬರುತ್ತೀರಿ. ಅಲ್ಲಿಂದ 8 ಸಾಲುಗಳಲ್ಲಿ ಪ್ರತಿ ಸಾಲಿನ ಎರಡೂ ತುದಿಗೆ ಎರಡೆರಡು ಕುಣಿಕೆಯನ್ನು ಜೋಡಿಸಿ ಒಂದು ಮಾಡುತ್ತ ಹೋದರೆ 26 ಕುಣಿಕೆ ಉಳಿಯುತ್ತವೆ. ಇನ್ನು ಕತ್ತು: 2 ಸೀದಾ, 2 ಉಲ್ಟಾ ರಿಬ್. 26ರಲ್ಲಿ 2 ಸೀದಾದಿಂದ ಶುರುವಾಗಿ 2 ಸೀದಾದಲ್ಲೇ ಸಾಲು ಮುಗಿಯುತ್ತದೆ. ಎರಡು ಭಾಗ ಸೇರಿಸಿ ಹೊಲಿಯುವಾಗ ಅಂಚಿನ ಒಂದೊಂದು ಕುಣಿಕೆ ಒಳಗೆ ಹೋಗಿ, ಉಳಿದ ಒಂದೊಂದು ಸೇರಿ ಮತ್ತೆ 2 ಸೀದಾ ಆಗುವುದರಿಂದ ರಿಬ್ ಹೊಲಿಗೆಯ ಮೇಲೂ ಕಡಿಯದೆ ಸಾಗುತ್ತದೆ. ಕತ್ತನ್ನು 10 ಸೆಂಟಿಮೀಟರು ಉದ್ದ ಮಾಡಿ. ಕೊನೆಯ ಸಾಲಿನ ಕುಣಿಕೆಗಳನ್ನು ಮುಚ್ಚುವಾಗ ಇನ್ನೂ ದಪ್ಪದ ಕಡ್ಡಿ ಬಳಸಿ ಸಡಿಲವಾಗಿ ಮುಚ್ಚಿ. ಹೊಸಬರ ಗವಸು ಸಾಮಾನ್ಯವಾಗಿ ಕೆಡುವುದು ಇಲ್ಲೇ. ಒಳಗೆಲ್ಲ ಹಿಗ್ಗುವ ಕತ್ತು ಬಾಯಂಚಿನಲ್ಲಿ ಬಿಗಿದುಕೊಂಡರೆ ಚೀಲ ಒಳಗೆ ಹೋಗುವುದೇ ಇಲ್ಲ.

ಇಂಥವೇ ಎರಡು ಭಾಗ ಮಾಡಿ ಬದಿ, ತಳ ಹೊಲಿಯಿರಿ. ಮುಂಭಾಗಕ್ಕೆ ಜಡೆ ವಿನ್ಯಾಸ ಹಾಕುವ ಆಸೆಯಿದ್ದರೆ ಜಡೆ ಬಟ್ಟೆಯನ್ನು ಒಳಕ್ಕೆ ಎಳೆಯುವುದನ್ನು ಲೆಕ್ಕಕ್ಕೆ ಹಿಡಿದು ಕೆಲವು ಕುಣಿಕೆ ಹೆಚ್ಚು ಹಾಕಬೇಕು. ನೀರು ತುಂಬುವಾಗ ಕತ್ತಿನ ರಿಬ್ಬನ್ನು ಕೆಳಕ್ಕೆ ಮಡಚಿ, ಕುದಿಯುವ ನೀರನ್ನು ತುಸು ಆರಲು ಬಿಟ್ಟು, ಮೂರನೇ ಎರಡು ಭಾಗದಷ್ಟು ಮಾತ್ರ ಸುರಿಯಿರಿ. ಚೀಲವನ್ನು ನಿಧಾನವಾಗಿ ಒರಗಿಸಿ ನೀರು ಬಾಯಿಗೆ ಬರುವಷ್ಟು ಗಾಳಿ ಹೊರಡಿಸಿ ಬಿರಟೆ ತಿರುಗಿಸಿ. ಗವಸಿಗೆ ನೀರು ಚೆಲ್ಲಿದರೆ ಆಗಲೇ ಬದಲಿಸಿ, ಏಕೆಂದರೆ ತೊಯ್ದ ಉಣ್ಣೆ ಶಾಖವನ್ನು ತಡೆಯದೆ ಮೈಗೆ ದಾಟಿಸುತ್ತದೆ. ಅತ್ತೆಯವರು ಚೀಲವನ್ನು ಇಟ್ಟುಕೊಂಡೇ ನಿದ್ದೆ ಹೋಗುತ್ತಿದ್ದರೆ ಕೆಳಗಿನ ಕೋಲಾರದ ಪತ್ರಕ್ಕೆ ಕೊಟ್ಟ ಉತ್ತರವನ್ನೂ ಓದಿ.

ಪ್ರಶ್ನೆ: ನಮ್ಮ ತಂದೆಯವರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಪಾದ ಯಾವಾಗಲೂ ತಣ್ಣಗಿರುತ್ತದೆ ಎನ್ನುತ್ತಾರೆ. ಎರಡು ಪದರದ ದಪ್ಪ ಗವಸು ಹೆಣೆದು ರಾತ್ರಿಯಿಡೀ ಕಾಲಬಳಿ ಇಡಬಹುದೇ? (ಶಿಕ್ಷಕಿ, ಕೋಲಾರ)

ಉತ್ತರ: ಇಡಬೇಡಿ. ಗವಸು ಎಷ್ಟೇ ದಪ್ಪವಿರಲಿ, ಈ ಒಂದು ವಿಷಯದಲ್ಲಿ ನನ್ನ ಉತ್ತರ ಬದಲಾಗುವುದಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಮಂಕಾಗಿ ಬಿಸಿಯ ಅರಿವು ಕಡಿಮೆಯಾಗಬಹುದು. ರಕ್ತಸಂಚಾರವೂ ಕುಗ್ಗಿದ್ದರೆ ಆದ ಗಾಯ ಬೇಗ ಮಾಯುವುದಿಲ್ಲ. ಚರ್ಮ ಸುಡಲು ಕುದಿಯುವ ನೀರೇ ಬೇಕೆಂದಿಲ್ಲ. 1947ರಲ್ಲಿ ಮೊರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 5 ಸೆಕೆಂಡಿಗೆ ಆಗುವ ಸುಟ್ಟಗಾಯ, 44 ಡಿಗ್ರಿಯಷ್ಟು ಹಿತವೆನ್ನಿಸುವ ಶಾಖದಲ್ಲೂ 6 ಗಂಟೆ ಕಾಲ ಚರ್ಮ ಅದಕ್ಕೆ ಒತ್ತಿಕೊಂಡಿದ್ದರೆ ಆಗುತ್ತದೆ. ಆರು ಗಂಟೆ ಎಂದರೆ ಒಂದು ರಾತ್ರಿಯ ನಿದ್ದೆ. ಬಿಸಿಯ ಅರಿವಿರುವವರು ನಿದ್ದೆಯಲ್ಲೇ ಕಾಲು ಸರಿಸಿಕೊಳ್ಳುತ್ತಾರೆ, ಅರಿವಿಲ್ಲದವರು ಸರಿಸುವುದಿಲ್ಲ. ದಪ್ಪ ಗವಸು ಇಲ್ಲಿ ಇನ್ನೊಂದು ತೊಂದರೆ ತರುತ್ತದೆ: ಶಾಖ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ, ನೋಡುವವರಿಗೆ ‘ಇನ್ನೇನೂ ಭಯವಿಲ್ಲ’ ಎಂಬ ಧೈರ್ಯವನ್ನೂ ಕೊಡುತ್ತದೆ.

ಗವಸು ತೊಡಿಸಿದ ಚೀಲವನ್ನು ಅವರು ಮಲಗುವುದಕ್ಕೆ ಅರ್ಧ ಗಂಟೆ ಮೊದಲು ಹಾಸಿಗೆಯ ಕಾಲ್ದೆಸೆಯಲ್ಲಿ ಇಟ್ಟು ರಗ್ಗು ಹೊದಿಸಿ. ಅವರು ಮಲಗುವಾಗ ಚೀಲವನ್ನು ತೆಗೆದುಬಿಡಿ. ಹಾಸಿಗೆಯ ಬೆಚ್ಚಗೆ ಸಾಕಾಗುತ್ತದೆ. ಅದೇ ಉಣ್ಣೆಯಲ್ಲಿ ಸಡಿಲ ಬಾಯಿಯ ಕಾಲುಚೀಲವನ್ನೂ ಹೆಣೆದುಕೊಡಿ. ಮೇಲಂಚು ಬಿಗಿಯಾಗಿರಬಾರದು, ಬೆರಳ ಬಳಿ ಹೊಲಿಗೆ ಉಬ್ಬಿರಬಾರದು. ಪ್ರತಿದಿನ ಅವರ ಪಾದಗಳನ್ನು ನೀವೇ ನೋಡಿ, ಕೆಂಪು ಕಂಡರೂ ಗುಳ್ಳೆ ಕಂಡರೂ ವೈದ್ಯರಿಗೆ ತೋರಿಸಿ. ತಣ್ಣಗಿರುವ ಪಾದದ ಬಗ್ಗೆಯೂ ವೈದ್ಯರಿಗೆ ಹೇಳಬೇಕು, ಏಕೆಂದರೆ ಅದು ಬರೀ ಚಳಿಯಿಂದ ಆಗಿರಬೇಕೆಂದಿಲ್ಲ.

ಪ್ರಶ್ನೆ: ನಮ್ಮೂರ ಕಡೆ ಕಂಬಳಿ ನೇಯುವವರ ಮನೆಯಲ್ಲಿ ಕೈಯಲ್ಲಿ ನೂತ ಕರಿ ಉಣ್ಣೆ ಸಿಗುತ್ತದೆ. ಪೇಟೆಯ ದಾರದ ಬದಲು ಅದರಲ್ಲೇ ಗವಸು ಹೆಣೆಯಬಹುದೇ? (ವಿದ್ಯಾರ್ಥಿನಿ, ಶಿರಾ)

ಉತ್ತರ: ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಖಂಡಿತ ಹೆಣೆಯಬಹುದು, ಮತ್ತು ಈ ಕೆಲಸಕ್ಕೆ ಆ ಉಣ್ಣೆ ಒಗ್ಗುವಷ್ಟು ಸ್ವೆಟರಿಗೆ ಒಗ್ಗುವುದಿಲ್ಲ. ನಮ್ಮ ಬಯಲುಸೀಮೆಯ ಕುರಿಯ ತುಪ್ಪಟ ಒರಟು; ಮೈಗೆ ಚುಚ್ಚುತ್ತದೆಂದು ಅದನ್ನು ಯಾರೂ ಸ್ವೆಟರಿಗೆ ಬಳಸುವುದಿಲ್ಲ. ಆದರೆ ಒರಟು ಎಳೆ ಗಟ್ಟಿಯಾಗಿರುತ್ತದೆ, ಬೇಗ ಸವೆಯುವುದಿಲ್ಲ, ದಪ್ಪನೆಯ ಹೆಣಿಗೆ ಕೊಡುತ್ತದೆ. ಕುರಿಯ ಮೈಬಣ್ಣವೇ ಕಪ್ಪಾಗಿರುವ ತುಪ್ಪಟವಾದರೆ ಬಣ್ಣ ಹಾಕಿರುವುದಿಲ್ಲ, ಹಾಗಾಗಿ ಬಿಸಿನೀರು ಚೆಲ್ಲಿದರೂ ಬಣ್ಣ ಬಿಟ್ಟು ಹಾಸಿಗೆ ಕೆಡುವ ಭಯವಿಲ್ಲ. ಚುಚ್ಚುವುದನ್ನು ತಪ್ಪಿಸಲು ಹಳೆಯ ಮೆತ್ತನೆಯ ಹತ್ತಿ ಸೀರೆಯಲ್ಲಿ ಒಂದು ತೆಳು ಚೀಲ ಹೊಲಿದು ಗವಸಿನ ಮೇಲೆ ತೊಡಿಸಿ.

ನೂಲು ಕೊಳ್ಳುವಾಗ ಹುಣಸೆಬೀಜದ ಸರಿ ಹಚ್ಚಿದ್ದೋ ಹಚ್ಚದ್ದೋ ಎಂದು ಕೇಳಿ. ಕಂಬಳಿ ಬಿರುಸಾಗಿ ನಿಲ್ಲಲು ಹಚ್ಚುವ ಆ ಸರಿ ಹೆಣಿಗೆಗೆ ಬೇಡ. ಹಚ್ಚದ ನೂಲೇ ಒಳ್ಳೆಯದು. ಲಡಿಯನ್ನು ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ಅಂಟುವಾಳದ ಉಗುರುಬೆಚ್ಚನೆಯ ನೀರಿನಲ್ಲಿ ಉಜ್ಜದೆ ಅದ್ದಿಟ್ಟರೆ ಕುರಿಯ ಜಿಡ್ಡೂ ವಾಸನೆಯೂ ಬಹಳ ಮಟ್ಟಿಗೆ ಹೋಗುತ್ತವೆ. ಕೈನೂಲು ಒಂಟಿ ಎಳೆಯಾಗಿದ್ದು ಅಲ್ಲಲ್ಲಿ ತೆಳುವಾಗಿರುವುದರಿಂದ ಎಳೆದರೆ ಕಿತ್ತುಬರಬಹುದು. ಎರಡು ಎಳೆ ಸೇರಿಸಿ, ನೂತ ದಿಕ್ಕಿಗೆ ವಿರುದ್ಧವಾಗಿ ಹುರಿ ಮಾಡಿಕೊಳ್ಳಿ. ಮೇಲೆ ಹೇಳಿದ ಕುಣಿಕೆಯ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ನಿಮ್ಮ ಮಾದರಿ ತುಂಡಿನಲ್ಲಿ 10 ಸೆಂಟಿಮೀಟರಿಗೆ 14 ಕುಣಿಕೆ ಬಂದರೆ 18 ಸೆಂಟಿಮೀಟರಿಗೆ 25, ಹೊಲಿಗೆಗೆ 2 ಸೇರಿ 27 ಕುಣಿಕೆ ಏರಿಸಬೇಕು. ಒರಟು ನೂಲಿನ ರಿಬ್ ಅಷ್ಟಾಗಿ ಪುಟಿಯುವುದಿಲ್ಲವಾದ್ದರಿಂದ ಕತ್ತನ್ನು ತುಸು ಅಗಲ ಬಿಟ್ಟು ಒಂದು ಹೆಣೆದ ದಾರದಿಂದ ಬಿಗಿಯುವುದು ಮೇಲು.

ಪ್ರಶ್ನೆ: ರೇಷ್ಮೆ ಬಿಚ್ಚಾಣಿಕೆ ನಮ್ಮ ಮನೆಯ ಕಸುಬು. ಉಳಿದ ರೇಷ್ಮೆಯಲ್ಲಿ ಗವಸು ಹೆಣೆಯಬಹುದೇ? (ಶಿಡ್ಲಘಟ್ಟ)

ಉತ್ತರ: ಬಿಚ್ಚಿದ ಹಸಿ ರೇಷ್ಮೆ ಅಂಟಿನಿಂದ ಬಿರುಸಾಗಿರುತ್ತದೆ, ಎಳೆ ಬಹಳ ಸಣ್ಣದು, ಎಷ್ಟೋ ಎಳೆ ಸೇರಿಸಿ, ಸೋಪಿನ ನೀರಿನಲ್ಲಿ ಕುದಿಸಿ ಅಂಟು ತೆಗೆಯದೆ ಹೆಣೆಯಲಾಗದು. ಅಷ್ಟೆಲ್ಲ ಮಾಡಿದರೂ ರೇಷ್ಮೆಗೆ ಉಣ್ಣೆಯ ಪುಟಿತವಿಲ್ಲ. ಒಮ್ಮೆ ಹಿಗ್ಗಿದ ಕತ್ತು ಮತ್ತೆ ಕೂಡಿಕೊಳ್ಳುವುದಿಲ್ಲ, ನೀರಿನ ಭಾರಕ್ಕೆ ಗವಸು ಜೋತುಬೀಳುತ್ತದೆ. ಉಣ್ಣೆಯ ಗವಸಿಗೆ ಒಳಪದರವಾಗಿ ಹಳೆಯ ರೇಷ್ಮೆ ಬಟ್ಟೆ ಹೊಲಿದರೆ ಮಾತ್ರ ಚೆನ್ನ. ಚೀಲ ಒಳಗೆ ಸಲೀಸಾಗಿ ಜಾರುತ್ತದೆ.

ಪ್ರಶ್ನೆ: ಹೋದ ವರ್ಷ ಹೆಣೆದ ಉಣ್ಣೆಯ ಗವಸನ್ನು ವಾಷಿಂಗ್ ಮೆಷಿನ್‌ಗೆ ಹಾಕಿದ್ದಕ್ಕೆ ಕುಗ್ಗಿ ದಪ್ಪವಾಗಿದೆ. ಸರಿಪಡಿಸಬಹುದೇ? ಮುಂದೆ ಹೇಗೆ ಒಗೆಯಬೇಕು? (ನಿವೃತ್ತ ನೌಕರರು, ತುಮಕೂರು)

ಉತ್ತರ: ಬಿಸಿ, ಸೋಪು, ಗುದ್ದಾಟ ಮೂರೂ ಸೇರಿದಾಗ ಉಣ್ಣೆಯ ಎಳೆಯ ಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಜಮಖಾನದಂತೆ ಬಿಗಿದುಕೊಳ್ಳುತ್ತದೆ, ಅದನ್ನು ಬಿಡಿಸಲಾಗದು. ಆದರೆ ಆ ಬಟ್ಟೆ ವ್ಯರ್ಥವಲ್ಲ. ಅದನ್ನು ಕತ್ತರಿಸಿದರೂ ಎಳೆ ಬಿಚ್ಚಿಕೊಳ್ಳದ ಕಾರಣ ಒಂದು ಬದಿ ಕತ್ತರಿಸಿ, ಹೊಸದಾಗಿ ಹೆಣೆದ ಅಗಲವಾದ ಪಟ್ಟಿಯೊಂದನ್ನು ನಡುವೆ ಕೂಡಿಸಿ ಹೊಲಿದರೆ ಮತ್ತೆ ಚೀಲಕ್ಕೆ ಹಿಡಿಯುತ್ತದೆ, ಮೊದಲಿಗಿಂತ ಬೆಚ್ಚಗೂ ಇರುತ್ತದೆ. ಇನ್ನು ಮುಂದೆ ತಣ್ಣೀರಿನಲ್ಲಿ ಸೌಮ್ಯ ಸೋಪಿನ ಪುಡಿ ಹಾಕಿ ಅದ್ದಿ, ಹಿಂಡದೆ ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ. ಹಗ್ಗದ ಮೇಲೆ ನೇತುಹಾಕಿದರೆ ಉದ್ದವಾಗುತ್ತದೆ.

ಒಗೆಯಲು ಗವಸು ಕಳಚಿದಾಗಲೆಲ್ಲ ರಬ್ಬರನ್ನೂ ಪರೀಕ್ಷಿಸಿ. ಗವಸಿನೊಳಗೆ ಇರುವುದರಿಂದ ಚೀಲ ಹಳತಾದದ್ದು ಕಣ್ಣಿಗೆ ಬೀಳುವುದಿಲ್ಲ. ಮಡಿಕೆಗಳಲ್ಲಿ ಸಣ್ಣ ಬಿರುಕು, ಬಣ್ಣಗೆಟ್ಟ ಕಲೆ, ಬಿರಟೆಯ ಸುತ್ತ ಒಸರು ಕಂಡರೆ ಆ ಚೀಲವನ್ನು ಮತ್ತೆ ಬಳಸಬಾರದು. ಬ್ರಿಟಿಷ್ ಮಾನಕ ಬಿಎಸ್ 1970ರಂತೆ ತಯಾರಾದ ಚೀಲಗಳ ಬಾಯಿಯ ಬಳಿ ಹೂವಿನಾಕಾರದ ಗುರುತೊಂದಿರುತ್ತದೆ: ನಡುವಿನ ಅಂಕೆ ತಯಾರಾದ ವರ್ಷ, 12 ದಳಗಳು ತಿಂಗಳು. ಆ ಗುರುತಿನಿಂದ 2 ವರ್ಷ ದಾಟಿದ್ದರೆ ಬಿರುಕು ಕಾಣದಿದ್ದರೂ ಹೊಸ ಚೀಲ ಕೊಳ್ಳಿ. ಗುರುತಿಲ್ಲದ ಚೀಲವಾದರೆ ಕೊಂಡ ತಿಂಗಳು, ವರ್ಷವನ್ನು ಒಂದು ಬಟ್ಟೆಯ ಚೂರಿನ ಮೇಲೆ ಅಳಿಯದ ಶಾಯಿಯಲ್ಲಿ ಬರೆದು ಗವಸಿನ ಒಳಬದಿಗೆ ಹೊಲಿದಿಡಿ. ಬೇಸಿಗೆಯಲ್ಲಿ ನೀರೆಲ್ಲ ಬಸಿದು, ಬಿರಟೆ ತೆಗೆದು, ಬಿಸಿಲು ತಾಕದ ಕಡೆ ಚೀಲವನ್ನು ನೇತುಹಾಕಿ. ಗವಸನ್ನು ಬೇರೆಯಾಗಿ, ಒಗೆದು ಪೂರ್ತಿ ಒಣಗಿಸಿ, ಬಿಗಿಯಾಗಿ ಮುಚ್ಚುವ ಡಬ್ಬಿಯಲ್ಲಿ ಇಡಿ. ಉಣ್ಣೆ ತಿನ್ನುವ ನುಸಿಹುಳುಗಳು ಹೆಚ್ಚಾಗಿ ಮುತ್ತುವುದು ಬೆವರು, ಜಿಡ್ಡು ಉಳಿದ ಬಟ್ಟೆಯನ್ನೇ.