ಪ್ರತಿಕ್ರಿಯೆ: ಪಂಪ್ಕಿನ್ ಸ್ಪೈಸ್ ಕಾಫಿಯಲ್ಲಿ ಕುಂಬಳ ಎಲ್ಲಿ?

ಪಂಪ್ಕಿನ್ ಸ್ಪೈಸ್ ಕಾಫಿ ಕುಡಿದರೆ ಕುಂಬಳಕಾಯಿ ರುಚಿಯೇ ಬರಲಿಲ್ಲ, ಇದು ಮೋಸ ಅಲ್ವಾ ಅಂತ ಕೇಳಿದ್ದೀರಿ. ಮೋಸ ಏನಿಲ್ಲ. ಪಂಪ್ಕಿನ್ ಸ್ಪೈಸ್ ಅನ್ನೋದು ಅಮೆರಿಕದವರು ಕುಂಬಳದ ಪೈಗೆ (ಹಿಟ್ಟಿನ ತಳದಲ್ಲಿ ಹೂರಣ ತುಂಬಿ ಬೇಯಿಸುವ ಸಿಹಿ) ಹಾಕುವ ಮಸಾಲೆಯ ಹೆಸರು. ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿ, ಅಷ್ಟೇ. ಸ್ಟಾರ್‌ಬಕ್ಸ್ 2003ರಲ್ಲಿ ಈ ಲಾಟೆ (ಹಾಲು ಹೆಚ್ಚಿರುವ ಕಾಫಿ) ಶುರು ಮಾಡಿದಾಗ ಅದರಲ್ಲಿ ಕುಂಬಳವೇ ಇರಲಿಲ್ಲ. 2015ರಲ್ಲಿ ಒಂಚೂರು ಸೇರಿಸಿದರು. ನಮ್ಮ ನಾಲಿಗೆಗೆ ಅದು ಪಲಾವಿನ ಘಮ ಇರುವ ಸಿಹಿ ಹಾಲು. ನನ್ನ ಲೆಕ್ಕದಲ್ಲಿ 10ಕ್ಕೆ 5.

ಜಯನಗರದ ಒಂದು ಬೇಕರಿಯಲ್ಲಿ ಕುಂಬಳದ ಮಫಿನ್ ತಿಂದೆ. ಮೇಲೆ ಚಂದ ಕೆಂಪಗಿತ್ತು, ಮುರಿದರೆ ಒಳಗೆ ಹಸಿ ಹಿಟ್ಟು ಬೆರಳಿಗೆ ಅಂಟಿತು. 3 ಕೊಟ್ಟಿದ್ದೇ ಜಾಸ್ತಿ.

ನಿಜವಾಗಿ ಕುಂಬಳದ ರುಚಿ ಬೇಕಿದ್ದರೆ ಸುಮ್ನೆ ಮನೆಯಲ್ಲೇ ಕಡುಬು ಮಾಡಿ. ಸಿಹಿಗುಂಬಳ ತುರಿದು, ಅಕ್ಕಿ ರವೆ, ಬೆಲ್ಲ, ಕಾಯಿತುರಿ, ಏಲಕ್ಕಿ ಕಲಸಿ ಬಾಳೆಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸಿ. ತುರಿಯೇ ನೀರು ಬಿಡುತ್ತದೆ, ಬೇರೆ ನೀರು ಹಾಕಬೇಡಿ. ಬಿಸಿ ಎಲೆ ಬಿಚ್ಚಿ ಮೇಲೊಂದು ಚಮಚ ತುಪ್ಪ. 9!

ಕಾಶಿ ಹಲ್ವಾ ಈ ಸಿಹಿಗುಂಬಳದ ಪಟ್ಟಿಗೆ ಬರಲ್ಲ, ಅದು ಬೂದುಗುಂಬಳದ್ದು. ಆಯುಧಪೂಜೆಗೆ ರಸ್ತೆಯಲ್ಲಿ ಒಡೆಯುತ್ತೇವಲ್ಲ, ಅದೇ.