ಗೆದ್ದ ವರ್ಷದ ಲೆಕ್ಕ ಏಳು ವರ್ಷ ಬಿಟ್ಟು ಬಂತು

ಫ್ರೀಮಾಂಟ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: "ಅಮೆರಿಕದ ಕಾಲೇಜು ಕ್ರೀಡಾ ನಿರ್ದೇಶಕರನ್ನು ಅಳೆಯೋದಕ್ಕೆ ಇಷ್ಟೆಲ್ಲ ಚರ್ಚೆ ಯಾಕೆ? ತಂಡ ಗೆಲ್ತಾ ಇದೆಯಾ, ಖರ್ಚಿಗಿಂತ ಆದಾಯ ಜಾಸ್ತಿ ಇದೆಯಾ, ಎರಡೇ ನೋಡಿ ಸಾಕು. ನನ್ನ ಮಗಳು ಹೈಸ್ಕೂಲ್ ತಂಡದಲ್ಲಿ ಈಜುತ್ತಾಳೆ. ಗೆಲ್ಲುವ ಕಾಲೇಜಿಗೇ ಸೇರಿಸಬೇಕು ಅಂತಿದ್ದೇನೆ."

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಇಲ್ಲಿನ ಓದುಗರಿಗೆ ಒಂದು ಮಾತು. ಅಲ್ಲಿನ ಕ್ರೀಡಾ ನಿರ್ದೇಶಕರು ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹಾಗಲ್ಲ. ಕೋಚ್‌ಗಳ ನೇಮಕ, ಟಿವಿ ಹಣ, ದಾನಿಗಳು, ಕ್ರೀಡಾಂಗಣ, ಹತ್ತಾರು ತಂಡಗಳು, ಎಲ್ಲ ಅವರ ಕೈಯಲ್ಲಿ.

ಗೆಲುವು, ಹಣ ಎರಡೂ ಮುಖ್ಯ. ಒಪ್ಪುತ್ತೇನೆ. ಆದರೆ ಅವನ್ನು ಯಾವ ವರ್ಷ ನೋಡುತ್ತೀರಿ?

ನಿಮ್ಮೂರಿಗೆ ಹತ್ತಿರದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನೇ ನೋಡಿ. ಸ್ಯಾಂಡಿ ಬಾರ್ಬರ್ ಅಲ್ಲಿ 2004ರಿಂದ 2014ರವರೆಗೆ ಕ್ರೀಡಾ ನಿರ್ದೇಶಕಿ. 2006ರಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ತನ್ನ ಕಾನ್ಫರೆನ್ಸಿನ, ಅಂದರೆ ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪಿನ, ಪ್ರಶಸ್ತಿಯನ್ನು ಇನ್ನೊಂದು ತಂಡದ ಜೊತೆ ಹಂಚಿಕೊಂಡಿತು. ಆಗ ನಿಮ್ಮ ಅಳತೆ ಹಿಡಿದಿದ್ದರೆ ಒಳ್ಳೆಯ ಅಂಕ ಸಿಗುತ್ತಿತ್ತು. ಆದರೆ 2003ರಿಂದ 2006ರ ನಡುವೆ ಸೇರಿದ ಆಟಗಾರರು ಪದವಿ ಮುಗಿಸಿದರಾ ಅನ್ನೋ ಲೆಕ್ಕ ಹೊರಬಂದಿದ್ದು 2013ರಲ್ಲಿ. ಆರು ವರ್ಷ ಕಾದು ಎಣಿಸುವ ಲೆಕ್ಕ ಅದು. ಫುಟ್‌ಬಾಲ್ ತಂಡದ್ದು ಶೇ. 44! ಆ ಪ್ರಶಸ್ತಿ ಗೆದ್ದುಕೊಟ್ಟವರಲ್ಲಿ ಹೆಚ್ಚಿನವರು ಇದೇ ಹುಡುಗರು. ಓದೋದಕ್ಕೆ ಅಂತ ಕರೆದು ತಂದ ಮಕ್ಕಳು ಅವರು. ಈ ಸಂಖ್ಯೆ ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಹಣದ ಕಥೆಯೂ ಹೀಗೇ. ಅಲ್ಲಿನ 1923ರ ಕ್ರೀಡಾಂಗಣ ಹೇವರ್ಡ್ ಭೂಕಂಪ ಬಿರುಕಿನ ಮೇಲೇ ನಿಂತಿದೆ. ಅದನ್ನು ಭದ್ರ ಮಾಡಲೇಬೇಕಿತ್ತು. ಪಕ್ಕದ ತರಬೇತಿ ಕೇಂದ್ರವೂ ಸೇರಿ 40 ಕೋಟಿ ಡಾಲರಿಗೂ ಮೀರಿ ಸಾಲ ಆಯಿತು. ಸೀಟುಗಳ ಹಕ್ಕನ್ನು ದಶಕಗಳ ಕಾಲಕ್ಕೆ ಮಾರಿ ಸಾಲ ತೀರಿಸೋಣ ಅನ್ನೋದು ಯೋಜನೆ. ಅಂದುಕೊಂಡಷ್ಟು ಸೀಟು ಹೋಗಲಿಲ್ಲ. ತಂಡವೂ ಸೋಲತೊಡಗಿತು. 2013ರಲ್ಲಿ 12 ಪಂದ್ಯಕ್ಕೆ ಒಂದೇ ಗೆಲುವು. ಕೊನೆಗೆ 2018ರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲವನ್ನು ವಿಶ್ವವಿದ್ಯಾಲಯವೇ ಹೊತ್ತುಕೊಂಡಿತು. ಇದೆಲ್ಲ ಬಾರ್ಬರ್ ಒಬ್ಬರ ತೀರ್ಮಾನ ಅಲ್ಲ, ಅದನ್ನೂ ಹೇಳಬೇಕು. ಆದರೆ ಕಟ್ಟಿಸಿದವರು ಒಬ್ಬರು, ಕಂತು ಕಟ್ಟುವವರು ಇನ್ನೊಬ್ಬರು. ಇದು ಒಂದು ವರ್ಷದ ಜಮಾ ಖರ್ಚಿನಲ್ಲಿ ಎಲ್ಲಿ ಕಾಣುತ್ತದೆ ಹೇಳಿ?

ಇನ್ನೊಂದು ವಿಷಯ. ಅನೇಕ ಕಾಲೇಜುಗಳ ಕ್ರೀಡಾ ಲೆಕ್ಕದಲ್ಲಿ ವಿದ್ಯಾರ್ಥಿಗಳ ಶುಲ್ಕ, ವಿಶ್ವವಿದ್ಯಾಲಯ ಕೊಟ್ಟ ಹಣ ಕೂಡ 'ಆದಾಯ'ದ ಸಾಲಿಗೇ ಸೇರುತ್ತದೆ. ಸರಿದೂಗಿದ ಲೆಕ್ಕ ಅಂದರೆ ಗಳಿಸಿದ ಹಣ ಅಂತ ಅಲ್ಲ.

ಹಣ ಸಾಲದಾದಾಗ ಏನು ಮಾಡುತ್ತಾರೆ? 2010ರಲ್ಲಿ ಬರ್ಕ್ಲಿ ಬೇಸ್‌ಬಾಲ್, ಮಹಿಳಾ ಜಿಮ್ನಾಸ್ಟಿಕ್ಸ್ ಸೇರಿ ನಾಲ್ಕು ತಂಡಗಳನ್ನು ನಿಲ್ಲಿಸುವುದಾಗಿ ಹೇಳಿತು. ಲೆಕ್ಕದ ಪುಸ್ತಕಕ್ಕೆ ಅದು ಸರಿಯಾದ ಕ್ರಮವೇ. ಹಳೆಯ ವಿದ್ಯಾರ್ಥಿಗಳು, ಪೋಷಕರು ಸುಮ್ನೆ ಕೂರಲಿಲ್ಲ. ಓಡಾಡಿ ಹಣ ಕೂಡಿಸಿದರು, ತಂಡಗಳು ಉಳಿದವು. ಬೇಸ್‌ಬಾಲ್ ತಂಡ 2011ರ ಜೂನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ನರನ್ನು ನಿರ್ಧರಿಸುವ ಕೊನೆಯ ಸುತ್ತಾದ ಕಾಲೇಜ್ ವರ್ಲ್ಡ್ ಸೀರೀಸ್ ತಲುಪಿತು. ಜಿಮ್ನಾಸ್ಟಿಕ್ಸ್ ಹುಡುಗಿಯರು 2024ರಲ್ಲಿ ಇಡೀ ದೇಶಕ್ಕೆ ಎರಡನೆಯವರಾದರು. ಬೇಡ ಅಂದಿದ್ದ ತಂಡ!

ಈಗ ನಿಮ್ಮ ಮಗಳ ವಿಚಾರ. ಅದೇ ಬರ್ಕ್ಲಿಯ ಮಹಿಳಾ ಈಜು ತಂಡ 2009ರಿಂದ 2015ರ ಒಳಗೆ ನಾಲ್ಕು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು. ಆ ಗೆಲುವು ತಂದ ಕೋಚ್ ನಿಂದಿಸಿ ಹಿಂಸಿಸುತ್ತಾರೆ ಎಂದು ಈಜುಗಾರ್ತಿಯರು ದೂರಿದರು. ತನಿಖೆ ನಡೆಯಿತು. 2023ರ ಜನವರಿಯಲ್ಲಿ ವಿಶ್ವವಿದ್ಯಾಲಯ ಅವರನ್ನು ತೆಗೆದುಹಾಕಿತು. ಪ್ರಶಸ್ತಿಗಳನ್ನು ಎಣಿಸುತ್ತಾ ಕೂತವರಿಗೆ ಇದು ಕಾಣುತ್ತಿತ್ತಾ?

2025-26ರಿಂದ ಒಂದು ಕಾಲೇಜು ಆಟಗಾರರಿಗೆ ನೇರವಾಗಿ ಹಣ ಹಂಚಬಹುದು, ಆ ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್. ಅದರಲ್ಲಿ ದೊಡ್ಡ ಪಾಲು ಫುಟ್‌ಬಾಲಿಗೆ ಹೋಗುತ್ತದೆ. ಈಜಿನಂಥ ತಂಡಗಳ ಮೇಲೆ ಒತ್ತಡ ಜಾಸ್ತಿಯಾಗುತ್ತದೆ. ಹಾಗಾಗಿ ಮಗಳ ಜೊತೆ ಕಾಲೇಜು ನೋಡಲು ಹೋದಾಗ ಟ್ರೋಫಿ ಕಪಾಟು ನೋಡಿ ಬರಬೇಡಿ. ಐದಾರು ವರ್ಷದ ಹಿಂದೆ ಸೇರಿದ ಹುಡುಗಿಯರಲ್ಲಿ ಎಷ್ಟು ಜನ ಪದವಿ ಮುಗಿಸಿದರು, ಎಷ್ಟು ಜನ ನಡುವೆಯೇ ತಂಡ ಬಿಟ್ಟರು, ಯಾಕೆ ಬಿಟ್ಟರು ಅಂತ ಕೇಳಿ. ಸಾಧ್ಯವಾದರೆ ಬಿಟ್ಟವರನ್ನೇ ಹುಡುಕಿ ಮಾತಾಡಿಸಿ. ಏನು ಹೇಳಿದರು ಅಂತ ನಮಗೂ ಬರೆಯಿರಿ.